ಆರಂಭಿಕ ಹಂತದ ಕೆಲಸಕ್ಕೂ ಬದುಕಲು ಸಾಕಾಗುವಷ್ಟು ಸಂಬಳ ಕೊಡಬೇಕೇ?

ಕೊಡಬೇಕು. ಆದರೆ ಪೂರ್ತಿ ಹೊರೆಯನ್ನು ಮಾಲೀಕರ ತಲೆಗೇ ಕಟ್ಟಲಾಗದು.

"ಇವು ಹುಡುಗರು ಕೆಲಸ ಕಲಿಯುವ ಜಾಗ, ಸಂಸಾರ ನಡೆಸಲಿಕ್ಕಲ್ಲ" ಎಂಬ ವಾದ ಕೇಳಲು ಚೆನ್ನ. ಆದರೆ ಸ್ವಚ್ಛತೆ, ಕಾವಲು, ಅಂಗಡಿ ಕೆಲಸದಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ. ಹತ್ತಲು ಮೇಲೆ ಹುದ್ದೆಗಳೇ ಕಡಿಮೆ. 1907ರಲ್ಲೇ ಆಸ್ಟ್ರೇಲಿಯಾದ ನ್ಯಾಯಾಧೀಶ ಹಿಗಿನ್ಸ್, ಕೊಯ್ಲು ಯಂತ್ರ ತಯಾರಿಸುವ ಕಂಪನಿಯೊಂದರ ಪ್ರಕರಣದಲ್ಲಿ ಕೊಟ್ಟ 'ಹಾರ್ವೆಸ್ಟರ್' ತೀರ್ಪಿನಲ್ಲಿ, ಕುಶಲನಲ್ಲದ ಕಾರ್ಮಿಕನಿಗೂ ದಿನಕ್ಕೆ 7 ಶಿಲಿಂಗ್ ನ್ಯಾಯವಾದ ಕೂಲಿ ಎಂದಿದ್ದರು. ಅವರ ಅಳತೆಗೋಲು ಸಂಸಾರದ ಅಗತ್ಯ, ಕಂಪನಿಯ ಲಾಭವಲ್ಲ. (ಹೆಂಗಸರ ದುಡಿಮೆ ಆ ಲೆಕ್ಕದಲ್ಲಿ ಬರಲಿಲ್ಲ ಅನ್ನುವುದು ಬೇರೆ ಮಾತು.)

ಕೂಲಿ ಏರಿದರೆ ಕೆಲಸ ಹೋಗುತ್ತದೆಯೇ? ಅಮೆರಿಕದ ನ್ಯೂಜೆರ್ಸಿಯ ಫಾಸ್ಟ್‌ಫುಡ್ ಮಳಿಗೆಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಆ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಸುತ್ತಲಿನ ಸರಾಸರಿ ಸಂಬಳಕ್ಕಿಂತ ತೀರಾ ಎತ್ತರಕ್ಕೆ ಹೋದರೆ ಅಪಾಯ ಇದ್ದೇ ಇದೆ.

ನಿಜವಾದ ತೊಡಕೆಂದರೆ, ಒಂಟಿಯಾಗಿರುವವರಿಗೆ ಸಾಕಾಗುವ ಸಂಬಳ ಮೂರು ಮಕ್ಕಳಿರುವವರಿಗೆ ಸಾಲದು. ಪೂರ್ಣಾವಧಿ ದುಡಿಯುವ ಒಬ್ಬರ ಊಟ, ಬಾಡಿಗೆ, ಔಷಧಿಯ ಖರ್ಚು ಸಂಬಳದಿಂದಲೇ ಹುಟ್ಟಲಿ. ಮಕ್ಕಳ ಭತ್ಯೆ, ವಸತಿ ನೆರವು ಸರ್ಕಾರದ ಪಾಲಿಗಿರಲಿ. ತರಬೇತಿ ಅವಧಿಗೆ ಸ್ವಲ್ಪ ಕಡಿಮೆ ಕೊಟ್ಟರೂ ಒಪ್ಪಬಹುದು, ಆ ಅವಧಿಗೆ ಗಡುವು ಇರುವುದಾದರೆ ಮಾತ್ರ.