ಜೇನುತುಪ್ಪ ಗಟ್ಟಿಯಾದರೆ ಕಲಬೆರಕೆ ಅಂತಾನಾ? ಕಾಯಿಸದ ಜೇನು ಕೊಳ್ಳುವಾಗ ಏನು ನೋಡಬೇಕು?

ನೀವು ಕೇಳಿರುವುದು ಮೂರು ವಿಷಯ. ದಾವಣಗೆರೆಯಲ್ಲಿ 'ರಾ ಹನಿ' (ಕಾಯಿಸದ ಜೇನು) ಅಂತ ಕೊಂಡ ಜೇನುತುಪ್ಪ ಎರಡೇ ತಿಂಗಳಲ್ಲಿ ಹರಳುಗಟ್ಟಿದೆ, ಅದು ಕಲಬೆರಕೆಯಾ? ಮುಂದೆ ಕೊಳ್ಳುವಾಗ ಹೇಗೆ ಪರೀಕ್ಷೆ ಮಾಡಬೇಕು? ಎಂಟು ತಿಂಗಳ ಮಗುವಿಗೆ ಕೆಮ್ಮಿಗೆ ಅಂತ ನೆಕ್ಕಿಸಬಹುದಾ? ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ.

ನೆಕ್ಕಿಸಬೇಡಿ. ಒಂದು ವರ್ಷ ತುಂಬುವ ತನಕ ಒಂದು ತೊಟ್ಟೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ. ಕೂಸಿನ ಕರುಳು ಇನ್ನೂ ಬಲಿತಿರುವುದಿಲ್ಲ, ಅಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಮಲಬದ್ಧತೆ ಶುರುವಾಗುತ್ತದೆ, ಅಳುವ ದನಿ ಕುಗ್ಗುತ್ತದೆ, ಹಾಲು ಚೀಪಲು ಶಕ್ತಿ ಇರುವುದಿಲ್ಲ, ಮೈ ಜೋತುಬೀಳುತ್ತದೆ. ಜೇನು ತಿಂದ ಕೂಸಿನಲ್ಲಿ ಇಂಥದ್ದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಕಾಯಿಸಿ ಕೊಟ್ಟರೆ ಆಗುತ್ತಾ ಅಂದರೆ ಅದೂ ಇಲ್ಲ, ಮನೆಯ ಒಲೆಯ ಬಿಸಿಗೆ ಆ ಬೀಜಕಣ ಸಾಯುವುದಿಲ್ಲ. ಕಂಪನಿ ಬಾಟ್ಲಿಯದ್ದಾದರೂ ಅಷ್ಟೇ. ನಮ್ಮ ಕಡೆ ಬಜೆ ತೇಯ್ದು ಜೇನಿನಲ್ಲಿ ಕಲಸಿ ಕೂಸಿನ ನಾಲಿಗೆಗೆ ಹಚ್ಚುವ ರೂಢಿ ಇದೆ. ಅಜ್ಜಿಯಂದಿರು ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೂ ಕೂತು ನಿಧಾನವಾಗಿ ತಿಳಿಸಿ ಹೇಳಿ, ಇದರಲ್ಲಿ ಮಾತ್ರ ಮುಲಾಜು ಬೇಡ. ಬಾಣಂತಿ ಜೇನು ತಿಂದರೆ ಏನೂ ಆಗುವುದಿಲ್ಲ.

ಈಗ ಗಟ್ಟಿಯಾದ ಬಾಟ್ಲಿ. ಗಟ್ಟಿಯಾಯಿತು ಅನ್ನುವ ಒಂದೇ ಕಾರಣಕ್ಕೆ ಅದನ್ನು ಕಲಬೆರಕೆ ಅನ್ನಬೇಡಿ. ಜೇನಿನಲ್ಲಿರುವ ಗ್ಲೂಕೋಸ್ ಹರಳಾಗುತ್ತದೆ, ಫ್ರಕ್ಟೋಸ್ ನೀರಾಗಿಯೇ ಉಳಿಯುತ್ತದೆ. ಯಾವ ಹೂವಿನಲ್ಲಿ ಗ್ಲೂಕೋಸ್ ಪಾಲು ಜಾಸ್ತಿಯೋ ಆ ಜೇನು ಬೇಗ ಹರಳುಗಟ್ಟುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ಸೂರ್ಯಕಾಂತಿ ಹಾಕುತ್ತಾರಲ್ವಾ, ಅದರ ಜೇನು ಕೆಲವೇ ವಾರದಲ್ಲಿ ತುಪ್ಪದ ಹಾಗೆ ಕೂತುಬಿಡುತ್ತದೆ. ಅದು ಆ ಹೂವಿನ ಗುಣ. ಕಾಯಿಸದ ಜೇನಿನಲ್ಲಿ ಪರಾಗ, ಮೇಣದ ಪುಡಿ ಉಳಿದಿರುತ್ತವೆ, ಹರಳು ಅವನ್ನೇ ಹಿಡಿದುಕೊಂಡು ಬೆಳೆಯುತ್ತದೆ. ಹಾಗಂತ ಗಟ್ಟಿಯಾದದ್ದೆಲ್ಲ ಅಸಲಿ ಅಂತಲೂ ಅಲ್ಲ. ಸಕ್ಕರೆ ಪಾಕವೂ ಹರಳುಗಟ್ಟುತ್ತದೆ.

ಕರಗಿಸಬೇಕೆಂದರೆ ಕೈ ಇಟ್ಟರೆ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ, ಅಂದರೆ 40 ಡಿಗ್ರಿ ಸುತ್ತಮುತ್ತ, ಬಾಟ್ಲಿ ಇಡಿ. ನೀರು ಆರಿದ ಹಾಗೆ ಬದಲಿಸಿ. ಒಲೆ ಮೇಲೆ ಬೇಡ, ಮೈಕ್ರೋವೇವ್ ಬೇಡ. ನಿಜ ಹೇಳಬೇಕೆಂದರೆ ಕರಗಿಸುವ ಅಗತ್ಯವೇ ಇಲ್ಲ. ಬಿಸಿ ರೊಟ್ಟಿಗೆ ಹಚ್ಚಿಕೊಳ್ಳಲು ಗಟ್ಟಿ ಜೇನೇ ಚೆನ್ನಾಗಿರುತ್ತದೆ, ಕೈಯೆಲ್ಲ ಸೋರುವುದಿಲ್ಲ.

ಪರೀಕ್ಷೆಯ ವಿಷಯಕ್ಕೆ ಬರೋಣ. ನೀರಿಗೆ ಹಾಕಿದರೆ ತಳಕ್ಕೆ ಕೂರಬೇಕು, ಬತ್ತಿಗೆ ಹಚ್ಚಿದರೆ ಉರಿಯಬೇಕು, ಹೆಬ್ಬೆರಳ ಮೇಲೆ ಹರಡಬಾರದು, ಇರುವೆ ಮುತ್ತಬಾರದು, ನಾಯಿ ಮೂಸಬಾರದು ಅಂತಾರೆ. ಇವೆಲ್ಲ ಸುಮ್ನೆ. ಗಟ್ಟಿ ಸಕ್ಕರೆ ಪಾಕವೂ ತಳಕ್ಕೆ ಕೂರುತ್ತದೆ. ಅಸಲಿ ಜೇನಿಗೂ ಇರುವೆ ಬರುತ್ತದೆ, ನಾವು ಜೇನು ಸಾಕುವ ಪೆಟ್ಟಿಗೆಗಳ ಕಾಲಿಗೆ ನೀರಿನ ಬಟ್ಟಲು ಇಡುವುದೇ ಇರುವೆ ಕಾಟಕ್ಕೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ (ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್) ಅನ್ನುವ ಪರಿಸರ ಸಂಸ್ಥೆ 13 ಬ್ರಾಂಡ್‌ಗಳ ಜೇನನ್ನು ಜರ್ಮನಿಯ ಲ್ಯಾಬಿನಲ್ಲಿ ಎನ್‌ಎಂಆರ್ ಅನ್ನುವ ಸೂಕ್ಷ್ಮ ಕಲಬೆರಕೆ ಪರೀಕ್ಷೆ ಮಾಡಿಸಿತು. 10 ಬ್ರಾಂಡ್ ಫೇಲಾದವು ಅಂತ ವರದಿ ಕೊಟ್ಟಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ, ದೊಡ್ಡ ಗಲಾಟೆಯೇ ಆಯಿತು. ನಾವು ಗಮನಿಸಬೇಕಾದದ್ದು ಬೇರೆ. ಲ್ಯಾಬಿನ ಮಾಮೂಲಿ ಪರೀಕ್ಷೆಗೂ ಸಿಗದ ಹಾಗೆ ಪಾಕ ತಯಾರಾಗುತ್ತದೆ ಅಂದಮೇಲೆ ಹೆಬ್ಬೆರಳಿಗೆ ಅದು ಎಲ್ಲಿ ಸಿಗಬೇಕು?

ಹಾಗಾಗಿ ನಾನು ಯಾರಿಗಾದರೂ ಹೇಳುವುದು ಇಷ್ಟೇ: ಜೇನನ್ನು ಪರೀಕ್ಷೆ ಮಾಡುವುದು ಬಿಡಿ, ಮಾರುವವರನ್ನು ಪ್ರಶ್ನೆ ಕೇಳಿ. ಯಾವ ಹುಳದ್ದು? ಯಾವ ಹೂವಿನ ಕಾಲದಲ್ಲಿ ತೆಗೆದದ್ದು? ಯಂತ್ರದಲ್ಲಿ ತೆಗೆದದ್ದೋ, ತಟ್ಟಿ (ಹುಳ ಕಟ್ಟುವ ಮೇಣದ ಗೂಡು) ಹಿಂಡಿದ್ದೋ? ಪೂರ್ತಿ ಮೇಣ ಮುಚ್ಚಿದ ಮೇಲೆ ತೆಗೆದಿರಾ? ನಿಜವಾಗಿ ಜೇನು ಸಾಕುವವರು ಈ ಪ್ರಶ್ನೆ ಕೇಳಿದರೆ ಖುಷಿಯಾಗಿ ಅರ್ಧ ಗಂಟೆ ಮಾತಾಡುತ್ತಾರೆ. ಬರೀ ಮಾರುವವರು 'ಪ್ಯೂರ್ ಸಾರ್, ಗ್ಯಾರಂಟಿ' ಅಂತಾರೆ, ಅದರಾಚೆ ಮಾತು ಬರುವುದಿಲ್ಲ.

ಮೇಣ ಮುಚ್ಚುವುದು ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಇಡೀ ವ್ಯವಹಾರ ಇದರ ಮೇಲೆ ನಿಂತಿದೆ. ಹೊಳಲ್ಕೆರೆ ಕಡೆ ನಮ್ಮ ತೋಟದಲ್ಲಿ ತೆಂಗು, ಅಡಿಕೆ ನಡುವೆ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಾಟಿ ಹುಳ) ಪೆಟ್ಟಿಗೆ ಇಟ್ಟಿದ್ದೇವೆ. ಹುಳ ತಂದ ಮಕರಂದ ನೀರುನೀರಾಗಿರುತ್ತದೆ. ರೆಕ್ಕೆ ಬೀಸಿ ಬೀಸಿ ಅದರ ನೀರು ಆರಿಸುತ್ತವೆ. ಸಾಕಷ್ಟು ಮಾಗಿದ ಮೇಲೆ ತಟ್ಟಿಯ ಪ್ರತಿ ಕಣ್ಣಿಗೂ, ಅಂದರೆ ಜೇನು ತುಂಬಿದ ಪುಟ್ಟ ಗೂಡಿಗೂ, ತೆಳು ಮೇಣದ ಮುಚ್ಚಳ ಹಾಕುತ್ತವೆ. ತೆಗೆಯುವ ಮೊದಲು ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಜಾಡಿಸುತ್ತೇವೆ. ಮುಚ್ಚದ ಕಣ್ಣುಗಳಿಂದ ಹನಿ ಸಿಡಿಯಿತೋ, ಇನ್ನೂ ಮಾಗಿಲ್ಲ, ವಾಪಸ್ ಇಡುತ್ತೇವೆ. ಮಾಗಿದ್ದಾದರೆ ಚಾಕುವಿನಲ್ಲಿ ಆ ಮೇಣದ ಪದರ ಸವರಿ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ತಟ್ಟಿ ಹಾಳಾಗುವುದಿಲ್ಲ, ಹುಳ ಅದನ್ನೇ ಮತ್ತೆ ತುಂಬುತ್ತವೆ. ಅವಸರಕ್ಕೆ ಬಿದ್ದು ಹಸಿಯಾಗಿಯೇ ತೆಗೆದ ಜೇನು ಬಾಟ್ಲಿಯಲ್ಲಿ ಹುಳಿಯುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ನೀರಿನ ಅಂಶ 20 ಶೇಕಡಾ ದಾಟಬಾರದು ಅಂತ ಇರುವುದು ಇದಕ್ಕೇ.

ಇನ್ನು ಹೈವೇ ಪಕ್ಕ ಬಕೆಟ್ಟಿನಲ್ಲಿ ಹೆಜ್ಜೇನು ತಟ್ಟಿ ಇಟ್ಟುಕೊಂಡು ಕೂರುವವರು. ಹಿರಿಯೂರಿನಿಂದ ಹರಿಹರದ ತನಕ ನೋಡಿರುತ್ತೀರಿ. ಮೇಲೆ ತಟ್ಟಿ ತೇಲುತ್ತಿದೆ ಅಂದರೆ ಕೆಳಗಿರುವುದು ಜೇನೇ ಅಂತ ಏನೂ ಇಲ್ಲ, ಹಳೇ ತಟ್ಟಿಯನ್ನು ಬೆಲ್ಲದ ಪಾಕದಲ್ಲೂ ತೇಲಿಸಬಹುದು. 'ಜೋಗಿಮಟ್ಟಿ ಕಾಡಿನದ್ದು' ಅಂದರೆ ಇನ್ನೂ ಅನುಮಾನ ಪಡಿ. ಅದು ವನ್ಯಜೀವಿ ಧಾಮ, ದಿನಾ ಬಕೆಟ್ ತುಂಬಿಸಿಕೊಂಡು ಬರುವ ಜಾಗ ಅಲ್ಲ. ಅಸಲಿಯೇ ಆದರೂ ಹಿಂಡಿದ ಜೇನಿನಲ್ಲಿ ಮರಿಹುಳಗಳ ರಸವೂ ಸೇರಿರುತ್ತದೆ, ಬೇಗ ಕೆಡುತ್ತದೆ. ಮರಿ ಇರುವ ತಟ್ಟಿಯನ್ನೇ ಹಿಂಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಹೊಂಗೆ, ಹುಣಸೆ, ಸೂರ್ಯಕಾಂತಿ ಕಾಯಿ ಕಟ್ಟುವುದು ಇವೇ ಹುಳಗಳಿಂದ.

ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ ಇದೆ: ತೂಕ. ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ. ಅರ್ಧ ಕಿಲೋ ನೀರು ಹಿಡಿಯುವ ಬಾಟ್ಲಿಯಲ್ಲಿ 700 ಗ್ರಾಂ ಜೇನು ಹಿಡಿಯಬೇಕು. 680ಕ್ಕಿಂತ ಕೆಳಗೆ ಬಂದರೆ ನೀರು ಜಾಸ್ತಿ ಇದೆ ಅಂತ ಅರ್ಥ, ಬೇಗ ಖಾಲಿ ಮಾಡಿ. ಹೆಜ್ಜೇನಿಗೆ ಸ್ವಾಭಾವಿಕವಾಗಿಯೇ ನೀರಿನಂಶ ಜಾಸ್ತಿ. ಇದರಿಂದ ಸಕ್ಕರೆ ಪಾಕ ಪತ್ತೆಯಾಗುವುದಿಲ್ಲ, ನೀರು ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಉಪಯೋಗ ದುಡ್ಡಿನದು. ಒಬ್ಬರು ಕಿಲೋ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಬಾಟ್ಲಿ ಲೆಕ್ಕ. 750 ಎಂಎಲ್ ಬಾಟ್ಲಿ ತುಂಬಿದರೆ ಒಂದು ಕಿಲೋ ಮೇಲೆ ಸ್ವಲ್ಪ ಬರುತ್ತದೆ. ಅದನ್ನು ಲೆಕ್ಕ ಹಾಕಿಯೇ ರೇಟು ಹೋಲಿಸಿ. 'ರಾ' ಅಂತ ಲೇಬಲ್ ಇದ್ದರೆ ಅದಕ್ಕೇ ಜಾಸ್ತಿ ದುಡ್ಡು ಕೊಡಬೇಡಿ, ಕಾಯಿಸಿಲ್ಲವಾ ಅಂತ ಬಾಯಿಬಿಟ್ಟು ಕೇಳಿ.

ತಿನ್ನುವ ವಿಷಯದಲ್ಲಿ ಜಾಸ್ತಿ ಹೇಳಲು ಏನಿಲ್ಲ. ಒಂದು ವರ್ಷ ದಾಟಿದ ಮಕ್ಕಳಿಗೆ, ದೊಡ್ಡವರಿಗೆ ರಾತ್ರಿ ಮಲಗುವ ಮುಂಚೆ ಒಂದು ಚಮಚ ಜೇನು ಕೆಮ್ಮನ್ನು ತಗ್ಗಿಸುತ್ತದೆ, ಇದನ್ನು ಡಾಕ್ಟರುಗಳೂ ಒಪ್ಪುತ್ತಾರೆ. ಶುಂಠಿ ರಸ, ಕಾಳುಮೆಣಸು ಸೇರಿಸುವುದು ನಿಮ್ಮ ಇಷ್ಟ. ಬಿಸಿ ಮಾಡಿದರೆ ವಿಷ ಅನ್ನುವುದು ಅತಿಯಾಯಿತು, ಆದರೆ ಕುದಿಸಿದರೆ ಪರಿಮಳ, ಕಿಣ್ವ ಎರಡೂ ಹೋಗುತ್ತವೆ. ಹಾಲು ಕುಡಿಯುವಷ್ಟು ಆರಿದ ಮೇಲೆ ಬೆರೆಸಿ. ಬೆಳಿಗ್ಗೆ ನಿಂಬೆ, ಜೇನು, ಬಿಸಿನೀರು ಕುಡಿದರೆ ಬೊಜ್ಜು ಕರಗುತ್ತದೆ ಅಂತ ನಂಬಬೇಡಿ, 100 ಗ್ರಾಂ ಜೇನಿನಲ್ಲಿ 300 ಕ್ಯಾಲೊರಿ ಇದೆ. ಶುಗರ್ ಇರುವವರಿಗೆ 'ನೇರಳೆ ಜೇನು' ಅಂತ ಮಾರುವುದನ್ನು ನೋಡಿದ್ದೇನೆ. ಯಾವ ಹೂವಿನದಾದರೂ ಅದು ಸಕ್ಕರೆಯೇ, ರಕ್ತದ ಸಕ್ಕರೆ ಏರುತ್ತದೆ. ಸುಟ್ಟ ಗಾಯಕ್ಕೆ ಅಡುಗೆಮನೆ ಜೇನು ಹಚ್ಚಬೇಡಿ, ಆಸ್ಪತ್ರೆಯಲ್ಲಿ ಬಳಸುವುದು ಸೋಂಕು ತೆಗೆದ ಜೇನು.

ಇಡುವುದು ಗಾಜಿನ ಬಾಟ್ಲಿಯಲ್ಲಿ, ಬಿಗಿ ಮುಚ್ಚಳ ಹಾಕಿ, ನೆರಳಿನಲ್ಲಿ. ತಾಮ್ರ, ಹಿತ್ತಾಳೆ ಬೇಡ, ಜೇನಿಗೆ ಹುಳಿ ಗುಣ ಇದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ ಹರಳಾಗುತ್ತದೆ. ಒದ್ದೆ ಚಮಚ ಅದ್ದಲೇಬೇಡಿ. ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಬಂದು ಹುಳಿ ವಾಸನೆ ಹೊಡೆದರೆ ಹುಳಿತಿದೆ ಅಂತ. ಹೊಸ ಜೇನಿನ ಮೇಲೆ ಕಾಣುವ ಬಿಳಿ ನೊರೆ ಬೇರೆ, ಅದು ಗಾಳಿ ಮತ್ತು ಮೇಣ, ಹೆದರಬೇಡಿ.

ಒಂದು ತುಡುವೆ ಪೆಟ್ಟಿಗೆಯಿಂದ ವರ್ಷಕ್ಕೆ ಬರುವುದೇ ಐದರಿಂದ ಹತ್ತು ಕಿಲೋ. ವರ್ಷವಿಡೀ, ಕೇಳಿದಾಗಲೆಲ್ಲ, ಕೇಳಿದಷ್ಟು ಕೊಡುವವರ ಹತ್ತಿರ ಕೊಳ್ಳುವ ಮುಂಚೆ ಯೋಚಿಸಿ. ನಮ್ಮ ಕಡೆ ಹೊಂಗೆ, ಬೇವು ಹೂ ಬಿಡುವುದು ಬೇಸಿಗೆಯಲ್ಲಿ, ಜೇನು ಕೈಗೆ ಬರುವುದು ಏಪ್ರಿಲ್, ಮೇ ಹೊತ್ತಿಗೆ. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ ಕಡೆ ತೋಟದಲ್ಲಿ ಪೆಟ್ಟಿಗೆ ಇಟ್ಟಿರುವವರು ಯಾರಾದರೂ ಪರಿಚಯ ಇದ್ದರೆ ಫೆಬ್ರವರಿಯಲ್ಲೇ ಹೇಳಿಡಿ. ಪೆಟ್ಟಿಗೆ ತೆರೆಯುವ ದಿನ ಬರುತ್ತೇನೆ ಅಂತಲೂ ಕೇಳಿ, ಬೇಡ ಅನ್ನುವವರು ಕಡಿಮೆ.