‘ನಂಗ ಹುಚ್ಚ ಹಿಡದೈತೇನವ್ವಾ?’

ಪ್ರಶ್ನೆ: ನಮ್ಮದು ರಾಣೆಬೆನ್ನೂರು. ಮಗನಿಗೆ 14 ವರ್ಷ. ಹೋದ ತಿಂಗಳು ಧಾರವಾಡದ ಡಿಮ್ಹಾನ್ಸ್‌ ಮಾನಸಿಕ ಆಸ್ಪತ್ರೆಯಲ್ಲಿ ಆಟಿಸಂ (ಬೆರೆಯುವುದು, ಸದ್ದು-ಸ್ಪರ್ಶ ತಾಳುವುದು ಕಷ್ಟವಾಗುವ ಸ್ಥಿತಿ), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಎರಡೂ ಇವೆ ಎಂದರು. ಅವನಿಗೆ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ, ಬೇಡ ಅನ್ನುತ್ತಾರೆ ನಮ್ಮ ಅತ್ತೆಯವರು. ಮೊನ್ನೆ ಅವನೇ ‘ನಂಗ ಹುಚ್ಚ ಹಿಡದೈತೇನವ್ವಾ?’ ಎಂದು ಕೇಳಿದ. ಏನು ಹೇಳಲಿ?

ಉತ್ತರ: ಹೇಳಿರಿ, ತಡ ಮಾಡಬೇಡಿ. ನೀವು ಸುಮ್ಮನಿದ್ದರೂ ಅವನು ತನಗೊಂದು ಹೆಸರು ಆಗಲೇ ಇಟ್ಟುಕೊಂಡಿದ್ದಾನೆ, ‘ಹುಚ್ಚ’ ಎಂದು. ಮೊದಲು ಅದಕ್ಕೇ ಉತ್ತರ ಕೊಡಿ: ‘ಇಲ್ಲಪ್ಪಾ, ಹುಚ್ಚಲ್ಲ. ನಿನ್ನ ಮಿದುಳು ಹುಟ್ಟಿದಾಗಿಂದ ಬ್ಯಾರೆ ನಮೂನಿ ಕೆಲಸ ಮಾಡತೈತಿ. ಅದಕ್ಕೊಂದು ಹೆಸರೈತಿ, ಮಾತಾಡೂಣು.’

ರಜೆಯ ದಿನ, ಊಟವಾದ ಮೇಲೆ ಒಂದು 15 ನಿಮಿಷ ಸಾಕು. ಎದುರುಬದುರು ಕೂರಬೇಡಿ. ಶೇಂಗಾ ಸುಲಿಯುತ್ತಲೋ ಪಕ್ಕಪಕ್ಕ ನಡೆಯುತ್ತಲೋ ಮಾತಾಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂಬ ಒತ್ತಾಯವಿಲ್ಲದಾಗ ಇಂಥ ಮಕ್ಕಳು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ಬೈದ ಮೇಲೆ, ಅಂಕಪಟ್ಟಿ ಬಂದ ದಿನ ಮಾತ್ರ ಬೇಡ. ಅವನಿಗೆ ಅದೂ ಶಿಕ್ಷೆಯೆಂದೇ ಕೇಳಿಸುತ್ತದೆ.

ಒಂದು ಹಾಳೆಯಲ್ಲಿ ‘ನನಗೆ ಸಲೀಸು’, ‘ನನಗೆ ತ್ರಾಸು’ ಎಂದು ಎರಡು ಪಟ್ಟಿ ಮಾಡಿಸಿ, ಅವನ ಮಾತಿನಲ್ಲೇ. ಮದುವೆಮನೆಯ ಬ್ಯಾಂಡು, ಕುತ್ತಿಗೆಗೆ ಚುಚ್ಚುವ ಅಂಗಿಯ ಲೇಬಲ್, ಗೆಳೆಯರ ಚಾಷ್ಟಿ ತಿಳಿಯದಿರುವುದು: ಇವುಗಳ ಮುಂದೆ ‘ಆಟಿಸಂ’ ಎಂದು ಬರೆಯಿರಿ. ‘ಹಾಲು ತಾ, ಗಿರಣಿಗೆ ಜೋಳ ಕೊಡು, ಬರೂಮುಂದ ಕಾಕಾನ್ನ ಕರಿ’ ಅಂದರೆ ಮೂರನೆಯದು ಮರೆತೇಹೋಗುವುದು, ಗೊತ್ತಿದ್ದ ಲೆಕ್ಕವನ್ನೂ ಶುರು ಮಾಡಲಾಗದೆ ಕೂರುವುದು: ಇವು ‘ಎಡಿಎಚ್‌ಡಿ’. ಸಲೀಸಿನ ಪಟ್ಟಿಗೆ ಬರೀ ಹೊಗಳಿಕೆ ತುಂಬಬೇಡಿ. ‘ನಿನಗ ದೇವರು ವಿಶೇಷ ಶಕ್ತಿ ಕೊಟ್ಟಾನ’ ಎಂದರೆ ತನ್ನ ತ್ರಾಸನ್ನು ಅವ್ವನೂ ನಂಬಲಿಲ್ಲ ಎಂದುಕೊಳ್ಳುತ್ತಾನೆ.

ಎರಡೂ ಒಟ್ಟಿಗಿದ್ದಾಗಿನ ಎಳೆದಾಟವನ್ನು ಬಿಡಿಸಿ ಹೇಳಲೇಬೇಕು. ಆಟಿಸಂ ‘ನಿನ್ನೆಯಂತೆಯೇ ಇವತ್ತೂ ಇರಲಿ’ ಅನ್ನುತ್ತದೆ, ಎಡಿಎಚ್‌ಡಿ ‘ಅದೇ ಅದೇ ಸಾಕು, ಹೊಸದು ಬೇಕು’ ಅನ್ನುತ್ತದೆ. ತಾನೇ ವೇಳಾಪಟ್ಟಿ ಬರೆದು, ಮೂರನೇ ದಿನ ಮುರಿದು, ಮುರಿದದ್ದಕ್ಕೆ ತಾನೇ ಅಳುವುದು ಇದರಿಂದ. ‘ಬೇಕಂತನ ಮಾಡ್ತಾನ’ ಎಂದು ಮನೆಯವರು ಬೈಯುವುದೂ ಇಲ್ಲಿಯೇ. ವೈದ್ಯರಿಗೂ ಇದು ಬಹುಕಾಲ ಗೊಂದಲವಾಗಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರವರೆಗೆ ಒಬ್ಬರಿಗೇ ಎರಡನ್ನೂ ಗುರುತಿಸಲು ಅವಕಾಶ ಕೊಟ್ಟಿರಲಿಲ್ಲ. ದಾರಿ ಏನೆಂದರೆ ಹೊತ್ತು ಖಾಯಂ, ಕೆಲಸ ಬದಲು. ಸಂಜೆ 6ಕ್ಕೆ ಕೂರುವುದು ಬದಲಾಗಬಾರದು. ಗಣಿತವೋ ಸಮಾಜವೋ ಅವನೇ ಆರಿಸಲಿ. 20 ನಿಮಿಷ ಓದು, 5 ನಿಮಿಷ ಓಡಾಟ.

‘ಹ್ಯಾಂಗನಸ್ತೈತಿ?’ ಎಂದರೆ ಇಂಥ ಎಷ್ಟೋ ಮಕ್ಕಳಿಗೆ ಉತ್ತರ ಹೊಳೆಯದು. ‘ಹೊಟ್ಟಿ ಬಿಗದೈತೇನು? ಕಿವಿ ಬಿಸಿಯಾಗ್ಯಾವೇನು?’ ಎಂದು ಕೇಳಿ. ಮೈಯ ಗುರುತು ಸಿಕ್ಕಿತೆಂದರೆ ಸಿಟ್ಟು ಉಕ್ಕುವ ಮೊದಲೇ ಅವನು ಎದ್ದು ಆಚೆ ಹೋಗಬಲ್ಲ.

ಅವನನ್ನು ಕೇಳದೆ ಬಳಗದವರಿಗೆ ಹೇಳಬೇಡಿ. ‘ಹೂಂ’ ಎಂದು ಎದ್ದುಹೋದರೆ ಬಿಡಿ, ಪ್ರಶ್ನೆ ವಾರ ಬಿಟ್ಟು ಬರಬಹುದು. ‘ನಾ ಇರಬಾರದಿತ್ತು’ ಎಂಬಂಥ ಮಾತು ಬಂದರೆ ಮಾತ್ರ ಕಾಯಬಾರದು. ಅದೇ ದಿನ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಸಿಗುತ್ತದೆ.

ಪ್ರಶ್ನೆ: ಗದಗಿನಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ಎಡಿಎಚ್‌ಡಿ ಮಾತ್ರ ಇದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆಯೇ?

ಉತ್ತರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವಿಧಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಲ್ಲಿನ ತೊಡಕು) ಇದೆ, ಎಡಿಎಚ್‌ಡಿ ಹೆಸರಿಲ್ಲ. ಆದರೆ ಎಡಿಎಚ್‌ಡಿ ಇದ್ದವರಿಗೆ ಕಲಿಕಾ ನ್ಯೂನತೆಯೂ ಜೊತೆಗಿರುವುದು ಅಪರೂಪವಲ್ಲ, ಅದನ್ನೂ ಪರೀಕ್ಷೆ ಮಾಡಿಸಿ. ಆ ನ್ಯೂನತೆಯ ಪ್ರಮಾಣಪತ್ರ ಸಿಕ್ಕರೆ ಹೆಚ್ಚಿನ ಸಮಯಕ್ಕಾಗಿ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹಾಕಬೇಕು. ಓಡಾಟಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಶಾಲೆ ತೆರೆದ ಕೂಡಲೇ ಶುರು ಮಾಡಿ. ಅರ್ಜಿಯಲ್ಲಿ ಏನಿದೆ ಎಂದು ಮಗಳಿಗೂ ಓದಿ ಹೇಳಿ.