ಸದ್ದು ಬೇಡವೆಂದರೆ ಮೊದಲು ವ್ಯಾಟ್ ನೋಡಿ

ಗೇಮಿಂಗ್‌ಗಾಗಿ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೊರಟ ಓದುಗರ ಪ್ರಶ್ನೆಗಳಿಗೆ ಈ ಬಾರಿಯ ಉತ್ತರಗಳು.

ಪ್ರಶ್ನೆ: ನನ್ನದು ಜಿಟಿಎಕ್ಸ್ 1060, 6 ಜಿಬಿ ಕಾರ್ಡ್. 1080ಪಿ ಮಾನಿಟರ್, 450 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ). ಹೊಸ ಆಟಗಳು ತಡವರಿಸುತ್ತಿವೆ. ಕಂಪ್ಯೂಟರ್ ಇರುವುದು ಮಲಗುವ ಕೋಣೆಯಲ್ಲಿ. ಸದ್ದು ಮಾಡದ, ಕೊಟ್ಟ ದುಡ್ಡಿಗೆ ಮೋಸವಾಗದ ಕಾರ್ಡ್ ಯಾವುದು?

ಉತ್ತರ: ಕಾರ್ಡ್ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಎಂಬುದರ ಮೇಲೆ ಸದ್ದು ನಿಂತಿದೆ. ಪೆಟ್ಟಿಗೆಯ ಮೇಲೆ 'ಸೈಲೆಂಟ್' ಎಂದು ಬರೆದಿದೆಯೇ ಎನ್ನುವುದು ಆಮೇಲಿನ ಮಾತು, ಮೊದಲು ವ್ಯಾಟ್ ಅಂಕಿ ನೋಡಿ. ನಿಮ್ಮ 1060ರದ್ದು 120 ವ್ಯಾಟ್. ಆರ್‌ಟಿಎಕ್ಸ್ 4060 ಅದಕ್ಕಿಂತಲೂ ಕಡಿಮೆ, 115 ವ್ಯಾಟ್‌ನಲ್ಲಿ ಸುಮಾರು ಎರಡು ಪಟ್ಟು ಕೆಲಸ ಮಾಡುತ್ತದೆ. ಆರ್‌ಎಕ್ಸ್ 6600ಕ್ಕೆ 132, ಆರ್‌ಟಿಎಕ್ಸ್ 5060ಕ್ಕೆ 145, 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿಗೆ 160, ಆರ್‌ಎಕ್ಸ್ 7600ಕ್ಕೆ 165, 12 ಜಿಬಿಯ ಆರ್‌ಟಿಎಕ್ಸ್ 3060ಕ್ಕೆ 170, ಇಂಟೆಲ್ ಆರ್ಕ್ ಬಿ580ಗೆ 190 ವ್ಯಾಟ್ ಬೇಕು.

ವ್ಯಾಟ್ ಆದ ಮೇಲೆ ಕಾರ್ಡ್‌ನ ಮೆಮೊರಿ. 1080ಪಿಗೆ 8 ಜಿಬಿ ಈಗಲೂ ನಡೆಯುತ್ತದೆ, ಆದರೆ ದೊಡ್ಡ ಹೊಸ ಆಟಗಳಲ್ಲಿ ಟೆಕ್ಸ್‌ಚರ್ (ಮೇಲ್ಮೈ ಚಿತ್ರಗಳ ವಿವರ) ಸೆಟಿಂಗ್ ಒಂದು ಮೆಟ್ಟಿಲು ಇಳಿಸಬೇಕಾಗುತ್ತದೆ. ಮೆಮೊರಿ ತುಂಬಿದರೆ ಮಿಕ್ಕಿದ್ದು ಕಂಪ್ಯೂಟರಿನ ರ್‍ಯಾಮ್‌ಗೆ ಹೋಗಿ, ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಮೂಲಕ ಓಡಾಡುತ್ತದೆ. ಆಗ ಸರಾಸರಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಕಂಡರೂ ಆಟ ನಡುನಡುವೆ ಗಕ್ಕನೆ ನಿಲ್ಲುತ್ತದೆ. 4060, 5060, 6600, 7600 ಈ ನಾಲ್ಕೂ ಬಳಸುವುದು 8 ಲೇನ್ (ಸ್ಲಾಟ್‌ನಲ್ಲಿ ಮಾಹಿತಿ ಓಡುವ ದಾರಿ) ಮಾತ್ರ. 1060ರ ಕಾಲದ ಮದರ್‌ಬೋರ್ಡ್‌ಗಳಲ್ಲಿರುವುದು ಹಳೆಯ, ನಿಧಾನದ ಪಿಸಿಐ ಎಕ್ಸ್‌ಪ್ರೆಸ್ 3.0. ಅಲ್ಲಿ ಈ ಇಕ್ಕಟ್ಟು ಇನ್ನಷ್ಟು ಕಾಡುತ್ತದೆ. 9060 ಎಕ್ಸ್‌ಟಿಗೆ 16 ಲೇನ್ ಇದೆ. ಬರೀ 4 ಲೇನ್‌ನ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಹಳೆಯ ಬೋರ್ಡ್‌ಗೆ ಹಾಕುವ ಯೋಚನೆಯನ್ನೇ ಬಿಡಿ. ಬಿ580 ತನ್ನ ವರ್ಗದಲ್ಲಿ ಒಳ್ಳೆಯ ಕಾರ್ಡೇ, ಆದರೆ ಮದರ್‌ಬೋರ್ಡ್‌ನಲ್ಲಿ ರಿಸೈಜಬಲ್ ಬಾರ್ (ಕಾರ್ಡ್‌ನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ಸೌಲಭ್ಯ) ಇಲ್ಲದಿದ್ದರೆ ಅದರ ವೇಗ ಚೆನ್ನಾಗಿಯೇ ಕುಸಿಯುತ್ತದೆ. ನಿಮ್ಮ ಬೋರ್ಡ್‌ನ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟಿಂಗ್‌ಗಳಲ್ಲಿ) ಆ ಆಯ್ಕೆ ಕಾಣದಿದ್ದರೆ ಬಿ580 ಅನ್ನು ಪಟ್ಟಿಯಿಂದ ತೆಗೆದುಬಿಡಿ.

ಬೆಲೆಯ ಲೆಕ್ಕ ಹೀಗೆ ಹಾಕಿ: ನೀವು ಆಡುವಂಥ ಆಟಗಳಲ್ಲಿ, ನಿಮ್ಮದೇ ರೆಸಲ್ಯೂಶನ್‌ನಲ್ಲಿ, ಸ್ವತಂತ್ರ ಪರೀಕ್ಷೆಗಳು ಕೊಟ್ಟ ಸರಾಸರಿ ಫ್ರೇಮ್‌ನಿಂದ ಕಾರ್ಡ್‌ನ ಬೆಲೆಯನ್ನು ಭಾಗಿಸಿ. ಆ ಕಾರ್ಡ್‌ಗೆಂದು ಎಸ್‌ಎಂಪಿಎಸ್ ಅನ್ನೂ ಬದಲಿಸಬೇಕಾದರೆ ಅದರ ಬೆಲೆಯನ್ನೂ ಕಾರ್ಡ್‌ನ ಲೆಕ್ಕಕ್ಕೇ ಸೇರಿಸಿ. ಅಗ್ಗವಾಗಿ ಕಂಡ 220 ವ್ಯಾಟ್‌ನ ಕಾರ್ಡ್ ಅನೇಕ ಸಲ ಸೋಲುವುದು ಇಲ್ಲಿಯೇ. ನಮ್ಮ ಆಯ್ಕೆ: ಇರುವ ಎಸ್‌ಎಂಪಿಎಸ್‌ನಲ್ಲೇ ಸುಮ್ಮನೆ ಓಡಬೇಕೆಂದರೆ 4060. ಕೈ ಇನ್ನಷ್ಟು ಬಿಗಿಯಾಗಿದ್ದರೆ 6600. ನಾಲ್ಕೈದು ವರ್ಷ ಬದಲಿಸುವ ಮಾತಿಲ್ಲ ಎನ್ನುವುದಾದರೆ 16 ಜಿಬಿಯ 9060 ಎಕ್ಸ್‌ಟಿ.

ಎನ್‌ವಿಡಿಯಾದಿಂದ ಎಎಂಡಿಗೆ ಹೋಗುವವರು ಹಳೆಯ ಡ್ರೈವರನ್ನು (ಕಾರ್ಡ್ ನಡೆಸುವ ತಂತ್ರಾಂಶವನ್ನು) 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಬಳಸಿ ಸೇಫ್ ಮೋಡ್‌ನಲ್ಲಿ ತೆಗೆದು, ಕಂಪ್ಯೂಟರ್ ಆಫ್ ಮಾಡಿ, ಆಮೇಲೆ ಕಾರ್ಡ್ ಬದಲಿಸಿ.

ಪ್ರಶ್ನೆ: ಒಂದೇ ಚಿಪ್, ಆದರೆ ಎರಡು ಫ್ಯಾನ್‌ನ ಮಾದರಿಗೂ ಮೂರು ಫ್ಯಾನ್‌ನ ಮಾದರಿಗೂ ಬೆಲೆಯಲ್ಲಿ ಬಹಳ ಅಂತರ. ಹೆಚ್ಚು ಕೊಟ್ಟರೆ ಸದ್ದು ನಿಜಕ್ಕೂ ಕಡಿಮೆಯಾಗುತ್ತದೆಯೇ?

ಉತ್ತರ: ಫ್ಯಾನ್ ಎಣಿಸಬೇಡಿ, ಹೀಟ್‌ಸಿಂಕ್ (ಚಿಪ್‌ನ ಶಾಖ ಹೀರುವ ಲೋಹದ ರೆಕ್ಕೆಗಳು) ನೋಡಿ. ದಪ್ಪ ಹೀಟ್‌ಸಿಂಕ್, ಹೆಚ್ಚು ಹೀಟ್‌ಪೈಪ್, 90ರಿಂದ 100 ಮಿಲಿಮೀಟರ್‌ನ ಫ್ಯಾನ್ ಇದ್ದರೆ ಅದೇ ಶಾಖಕ್ಕೆ ಫ್ಯಾನ್ ನಿಧಾನವಾಗಿ ತಿರುಗಿದರೆ ಸಾಕು. ವೇಗ 20 ಶೇಕಡಾ ಇಳಿದರೆ ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಅರ್ಧವಾದಂತೆ ಕೇಳಿಸುತ್ತದೆ. 160 ವ್ಯಾಟ್‌ವರೆಗಿನ ಚಿಪ್‌ಗೆ ದಪ್ಪ ಹೀಟ್‌ಸಿಂಕ್ ಇರುವ ಎರಡು ಫ್ಯಾನ್‌ನ ಕಾರ್ಡ್ ಧಾರಾಳ. 220 ವ್ಯಾಟ್ ದಾಟಿದಾಗ ಮೂರನೆಯ ಫ್ಯಾನ್‌ಗೆ ಅರ್ಥ ಬರುತ್ತದೆ. ಒಂದೇ ಫ್ಯಾನ್‌ನ ಗಿಡ್ಡ ಕಾರ್ಡ್ ಸಣ್ಣ ಕ್ಯಾಬಿನೆಟ್ ಇರುವವರಿಗೆ ಮಾತ್ರ.

ಕಾರ್ಖಾನೆಯಲ್ಲೇ ಓವರ್‌ಕ್ಲಾಕ್ ಮಾಡಿದ (ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸಿದ) ಮಾದರಿಗೆ ಹೆಚ್ಚಿಗೆ ಕೊಡುವುದು ದಂಡ. ಸಿಗುವುದು ಎರಡು-ಮೂರು ಶೇಕಡಾ ವೇಗ, ಜೊತೆಗೆ ಇನ್ನಷ್ಟು ಶಾಖ. ಕೆಲವು ಕಾರ್ಡ್‌ಗಳ ಮೇಲಂಚಿನಲ್ಲಿ ಎರಡು ಬಯಾಸ್‌ಗಳ (ಕಾರ್ಡ್‌ನೊಳಗಿನ ಸೆಟಿಂಗ್‌ಗಳ) ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದಕ್ಕಾದರೆ ಸ್ವಲ್ಪ ಹೆಚ್ಚು ಕೊಡಬಹುದು, 'ಸೈಲೆಂಟ್' ಕಡೆಗೆ ತಳ್ಳಿದರೆ ಆಯಿತು. ಪರೀಕ್ಷಾ ವರದಿಗಳ ಡೆಸಿಬೆಲ್ ಅಂಕಿ ಹೋಲಿಸುವಾಗ ಎಷ್ಟು ದೂರದಿಂದ ಅಳೆದದ್ದು ಎಂದು ನೋಡಿ. 50 ಸೆಂಟಿಮೀಟರ್‌ನಿಂದ 1 ಮೀಟರ್‌ಗೆ ಹೋದರೇ ಸುಮಾರು 6 ಡೆಸಿಬೆಲ್ ಕಡಿಮೆ ತೋರಿಸುತ್ತದೆ.

ಕೊಳ್ಳುವ ಮೊದಲು ಒಂದು ಪುಕ್ಕಟೆ ಪರೀಕ್ಷೆ ಮಾಡಿ. ಈಗಿರುವ ಕಾರ್ಡ್‌ನಲ್ಲೇ 20 ನಿಮಿಷ ಆಟ ಆಡಿ ಉಷ್ಣಾಂಶ ಬರೆದಿಟ್ಟುಕೊಳ್ಳಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಮತ್ತೆ 20 ನಿಮಿಷ ಆಡಿ. 7-8 ಡಿಗ್ರಿ ಇಳಿದರೆ, ಅಥವಾ ಡಿಗ್ರಿ ಅಷ್ಟೇ ಇದ್ದು ಫ್ಯಾನ್ ನಿಧಾನವಾದರೆ, ತಪ್ಪು ಕಾರ್ಡ್‌ನದ್ದಲ್ಲ, ಉಸಿರುಕಟ್ಟಿದ ಕ್ಯಾಬಿನೆಟ್‌ನದ್ದು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿರುವ ಕ್ಯಾಬಿನೆಟ್‌ಗಳ ಹಣೆಬರಹವೇ ಇದು. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಅದು ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿರುತ್ತದೆ. ನಿಧಾನವಾಗಿ ತಿರುಗುವ 140 ಮಿಲಿಮೀಟರ್‌ನ ಎರಡು ಫ್ಯಾನ್‌ಗಳನ್ನು ಮುಂದೆ ಹಾಕಿ, ಅವಕ್ಕೆ ಗಾಳಿ ಬರಲು ದಾರಿ ಬಿಡಿ.

ಅಳತೆಯಲ್ಲಿ ಎಡವುವವರು ಬಹಳ. ಕಾರ್ಡ್‌ನ ಉದ್ದದ ಜೊತೆಗೆ ಮುಂದಿನ ಫ್ಯಾನ್‌ನ ದಪ್ಪ 25 ಮಿಲಿಮೀಟರ್, ಕರೆಂಟ್ ಕೇಬಲ್ ಬಾಗಲು ಬಾಗಿಲಿನ ಕಡೆ 35 ಮಿಲಿಮೀಟರ್ ಸೇರಿಸಿ ಅಳೆಯಿರಿ.

ಪ್ರಶ್ನೆ: ನನ್ನ ಹಳೆಯ ಎಸ್‌ಎಂಪಿಎಸ್‌ನಲ್ಲಿ ಕಾರ್ಡ್‌ಗೆ ಕರೆಂಟ್ ಕೊಡುವ 8 ಪಿನ್ ಕೇಬಲ್ ಇಲ್ಲ. ಸಾಟಾ (ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವ) ಕೇಬಲ್‌ನಿಂದ 8 ಪಿನ್ ಮಾಡಿಕೊಡುವ ಅಡಾಪ್ಟರ್ ಹಾಕಬಹುದೇ?

ಉತ್ತರ: ಬೇಡವೇ ಬೇಡ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಕೊಡಬಲ್ಲದ್ದು 4.5 ಆಂಪಿಯರ್, ಅಂದರೆ 54 ವ್ಯಾಟ್. 8 ಪಿನ್‌ನಿಂದ ಕಾರ್ಡ್ 150 ವ್ಯಾಟ್‌ವರೆಗೆ ಕೇಳಬಹುದು. ಕನೆಕ್ಟರ್ ಕರಗಿಹೋಗುತ್ತದೆ. ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಎರಡೂ ತುದಿ ಬಿಚ್ಚಬಹುದಾದ) ಕೇಬಲ್ ತಂದು ಸಿಕ್ಕಿಸುವುದೂ ಅಷ್ಟೇ ಅಪಾಯ. ಕಾರ್ಡ್ ಕಡೆಯ ತುದಿ ಎಲ್ಲದರಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ.

ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್‌ನಿಂದ 75, 8 ಪಿನ್‌ನಿಂದ 150 ವ್ಯಾಟ್. ಇದು ನಿಗದಿ. ಎಸ್‌ಎಂಪಿಎಸ್ ಬದಲಿಸಲು ಆಗದಿದ್ದರೆ 6 ಜಿಬಿಯ ಆರ್‌ಟಿಎಕ್ಸ್ 3050 ನೋಡಿ. ಅದು 70 ವ್ಯಾಟ್‌ನ ಕಾರ್ಡ್, ಹೆಚ್ಚಿನ ಮಾದರಿಗಳು ಸ್ಲಾಟ್‌ನ ಕರೆಂಟ್‌ನಲ್ಲೇ ಓಡುತ್ತವೆ. ತೆಳ್ಳಗಿನ ಆಫೀಸ್ ಕಂಪ್ಯೂಟರ್‌ಗೆ ಹೊಂದುವ ಲೋ ಪ್ರೊಫೈಲ್ ಮಾದರಿಗಳೂ ಇವೆ, ಆದರೆ ಅವುಗಳ ಪುಟ್ಟ ಫ್ಯಾನ್ ಕೀಚಲು ದನಿಯದ್ದು.

ಇನ್ನೊಂದು ಮಾತು. ಎಸ್‌ಎಂಪಿಎಸ್‌ಗೂ ಫ್ಯಾನ್ ಇದೆ. ಅದರ ಮಿತಿಯ ಅಂಚಿನಲ್ಲಿ ಓಡಿಸಿದರೆ ಕಾರ್ಡ್ ಸುಮ್ಮನಿದ್ದರೂ ಅದು ಮೊರೆಯುತ್ತದೆ. ಆಟದ ವೇಳೆ ಇಡೀ ಕಂಪ್ಯೂಟರ್ ಎಳೆಯುವ ವ್ಯಾಟ್, ಎಸ್‌ಎಂಪಿಎಸ್ ಸಾಮರ್ಥ್ಯದ 60 ಶೇಕಡಾ ಆಸುಪಾಸಿನಲ್ಲಿರಲಿ.

ಪ್ರಶ್ನೆ: ಹೊಸ ಕಾರ್ಡ್‌ನ ಫ್ಯಾನ್ ನಿಮಿಷಕ್ಕೊಮ್ಮೆ ಭರ್ ಎಂದು ಶುರುವಾಗಿ ನಿಲ್ಲುತ್ತದೆ. ಇದು ದೋಷವೇ?

ಉತ್ತರ: ಅಲ್ಲ. ಉಷ್ಣಾಂಶ 50-60 ಡಿಗ್ರಿ ಮುಟ್ಟುವವರೆಗೆ ಫ್ಯಾನ್ ನಿಲ್ಲಿಸಿಡುವ ವ್ಯವಸ್ಥೆ ಅದು. ಉಷ್ಣಾಂಶ ಸರಿಯಾಗಿ ಆ ಗಡಿಯಲ್ಲೇ ತೂಗಾಡುತ್ತಿದ್ದರೆ ಫ್ಯಾನ್ ಎದ್ದು ಮಲಗಿ ಮಾಡುತ್ತದೆ. ಒಂದೇ ಸಮನೆ ಬರುವ ಮೆಲುದನಿಗಿಂತ ಕಿವಿಗೆ ಚುಚ್ಚುವುದು ಈ ಏರಿಳಿತವೇ. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದ ಫ್ಯಾನ್ ಪುಟದಲ್ಲಿ ಸ್ವಂತ ಕರ್ವ್ (ಯಾವ ಉಷ್ಣಾಂಶಕ್ಕೆ ಎಷ್ಟು ವೇಗ ಎಂಬ ಗೆರೆ) ಹಾಕಿ: 50 ಡಿಗ್ರಿವರೆಗೆ 30 ಶೇಕಡಾ, 65ಕ್ಕೆ 40, 75ಕ್ಕೆ 55, 85ಕ್ಕೆ 80. ಅಲ್ಲೇ ಕೆಳಗಿರುವ ಟೆಂಪರೇಚರ್ ಹಿಸ್ಟೆರಿಸಿಸ್‌ಗೆ 5 ಡಿಗ್ರಿ ಕೊಡಿ, ಉಷ್ಣಾಂಶ ಅಷ್ಟು ಇಳಿಯುವವರೆಗೆ ಫ್ಯಾನ್ ನಿಧಾನವಾಗುವುದಿಲ್ಲ. ಎಎಂಡಿ ಕಾರ್ಡ್ ಆದರೆ ಅಡ್ರಿನಲಿನ್ ತಂತ್ರಾಂಶದ ಫ್ಯಾನ್ ಟ್ಯೂನಿಂಗ್‌ನಲ್ಲಿ ಝೀರೋ ಆರ್‌ಪಿಎಂ (ಫ್ಯಾನ್ ಪೂರ್ತಿ ನಿಲ್ಲಿಸುವ ಆಯ್ಕೆ) ಆಫ್ ಮಾಡಿ.

ಏನೂ ಕೆಲಸವಿಲ್ಲದಾಗಲೂ ಹೀಗಾದರೆ, ಮಾನಿಟರ್ ಎರಡಿವೆಯೇ ಎಂದು ನೋಡಿ. ಬೇರೆ ಬೇರೆ ರಿಫ್ರೆಶ್ ದರದ (ಸೆಕೆಂಡಿಗೆ ಚಿತ್ರ ಬದಲಿಸುವ ಲೆಕ್ಕದ) ಎರಡು ಮಾನಿಟರ್ ಇದ್ದರೆ ಕಾರ್ಡ್‌ನ ಮೆಮೊರಿ ಕೆಲವೊಮ್ಮೆ ಪೂರ್ತಿ ವೇಗದಲ್ಲೇ ಉಳಿದು ಬಿಸಿಯಾಗುತ್ತದೆ. ಒಂದರ ದರ ಇಳಿಸಿ ನೋಡಿ.

ಪ್ರಶ್ನೆ: ಅಂಡರ್‌ವೋಲ್ಟ್ ಮಾಡಿದರೆ ಸದ್ದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಹೇಗೆ ಮಾಡುವುದು? ಕಾರ್ಡ್ ಹಾಳಾಗುವುದಿಲ್ಲವೇ?

ಉತ್ತರ: ವೋಲ್ಟೇಜ್ ಇಳಿಸುವುದರಿಂದ ಕಾರ್ಡ್ ಸುಡುವುದಿಲ್ಲ. ಹೆಚ್ಚೆಂದರೆ ಆಟ ಮುಚ್ಚಿಹೋಗುತ್ತದೆ ಅಥವಾ ಪರದೆ ಕಪ್ಪಾಗುತ್ತದೆ, ಮರುಚಾಲನೆ ಮಾಡಿದರೆ ಸರಿ. ಪುಕ್ಕಟೆಯಾಗಿ ಸದ್ದು ಇಳಿಸುವ ದಾರಿಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತಿದ್ದೆವು, ಇದಕ್ಕಿಂತ ಸುಲಭವಾದ ಇನ್ನೊಂದು ಇಲ್ಲದಿದ್ದರೆ. ಅದು ಫ್ರೇಮ್ ಮಿತಿ. 60 ಹರ್ಟ್ಸ್ ಮಾನಿಟರ್‌ಗೆ 140 ಫ್ರೇಮ್ ತಯಾರಿಸುವ ಕಾರ್ಡ್, ಕಣ್ಣಿಗೆ ಪೂರ್ತಿಯಾಗಿ ಕಾಣದ ಚಿತ್ರಗಳಿಗಾಗಿ ಫ್ಯಾನ್ ಓಡಿಸುತ್ತಿರುತ್ತದೆ. ಡ್ರೈವರ್‌ನ ಸೆಟಿಂಗ್‌ನಲ್ಲಿ ಮಿತಿಯನ್ನು 60 ಎಂದು ಹಾಕಿ. ಜಿ-ಸಿಂಕ್ ಅಥವಾ ಫ್ರೀಸಿಂಕ್ (ಮಾನಿಟರ್ ದರವನ್ನು ಫ್ರೇಮ್‌ಗೆ ಹೊಂದಿಸುವ ವ್ಯವಸ್ಥೆ) ಬಳಸುವವರು ಮಾನಿಟರ್ ದರಕ್ಕಿಂತ 3 ಕಡಿಮೆ ಇಡಲಿ: 144ಕ್ಕೆ 141.

ಎರಡನೆಯ ಹೆಜ್ಜೆ, ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಅನ್ನು 80 ಶೇಕಡಾಕ್ಕೆ ಇಳಿಸುವುದು. ಐದನೇ ಒಂದು ಭಾಗ ವಿದ್ಯುತ್ ಹೋದರೂ ಹೆಚ್ಚಿನ ಕಾರ್ಡ್‌ಗಳಲ್ಲಿ ವೇಗ ಹೋಗುವುದು ಕೆಲವೇ ಶೇಕಡಾ. ಕಾರಣ, ಕಂಪನಿಗಳು ಕೊನೆಯ ನೂರಿನ್ನೂರು ಮೆಗಾಹರ್ಟ್ಸ್‌ಗಾಗಿ ವೋಲ್ಟೇಜ್ ಬಹಳ ಏರಿಸಿರುತ್ತವೆ, ಮತ್ತು ವ್ಯಾಟ್ ಏರುವುದು ವೋಲ್ಟೇಜ್‌ನ ವರ್ಗದಂತೆ (ಅದನ್ನು ಅದರಿಂದಲೇ ಗುಣಿಸಿದಂತೆ).

ಇಷ್ಟಕ್ಕೆ ತೃಪ್ತಿಯಾಗದಿದ್ದರೆ ವೋಲ್ಟೇಜ್ ಕರ್ವ್‌ಗೆ (ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಎಂಬ ಗೆರೆಗೆ) ಕೈಹಾಕಿ. ಎನ್‌ವಿಡಿಯಾ ಕಾರ್ಡ್‌ನಲ್ಲಿ ಭಾರದ ಆಟವೊಂದನ್ನು 15 ನಿಮಿಷ ಓಡಿಸಿ ಕ್ಲಾಕ್ (ಮೆಗಾಹರ್ಟ್ಸ್‌ನಲ್ಲಿ ಚಿಪ್‌ನ ವೇಗ), ವೋಲ್ಟೇಜ್, ವ್ಯಾಟ್ ಮೂರನ್ನೂ ಬರೆದುಕೊಳ್ಳಿ. ಆಟ ಮುಚ್ಚಿ, ಕೋರ್ ಕ್ಲಾಕ್ ಅನ್ನು ಸುಮಾರು 250 ಮೆಗಾಹರ್ಟ್ಸ್ ಕೆಳಗಿಳಿಸಿ ಅಪ್ಲೈ ಕೊಡಿ. ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಕರ್ವ್ ತೆರೆಯುತ್ತದೆ. 900 ಮಿಲಿವೋಲ್ಟ್‌ನ ಚುಕ್ಕಿಯನ್ನು ಹಿಡಿದು, ಬರೆದುಕೊಂಡ ಕ್ಲಾಕ್‌ಗಿಂತ 60-100 ಮೆಗಾಹರ್ಟ್ಸ್ ಕೆಳಗಿನವರೆಗೆ ಎತ್ತಿ. ಮತ್ತೆ ಅಪ್ಲೈ ಕೊಟ್ಟಾಗ ಅದರ ಬಲಕ್ಕಿರುವ ಗೆರೆ ಚಪ್ಪಟೆಯಾಗಬೇಕು. ಆಗದಿದ್ದರೆ ಇನ್ನೂ ಯಾವುದೋ ಚುಕ್ಕಿ ಮೇಲೆ ಉಳಿದಿದೆ ಎಂದರ್ಥ, ಕಾರ್ಡ್ ಅದನ್ನೇ ಹಿಡಿದುಕೊಂಡು ಹಳೆಯ ವೋಲ್ಟೇಜ್‌ಗೆ ಮರಳುತ್ತದೆ. ಆಟ ಕುಸಿದರೆ ಆ ಚುಕ್ಕಿಯನ್ನು 30 ಮೆಗಾಹರ್ಟ್ಸ್ ಇಳಿಸಿ, ಇಲ್ಲವೇ 25 ಮಿಲಿವೋಲ್ಟ್ ಬಲಕ್ಕೆ ಸರಿಯಿರಿ. ಬೆಂಚ್‌ಮಾರ್ಕ್ ಪಾಸಾಯಿತೆಂದು ನಂಬಬೇಡಿ, ರೇ ಟ್ರೇಸಿಂಗ್ (ಬೆಳಕಿನ ನೈಜ ಲೆಕ್ಕಾಚಾರ) ಇರುವ ಆಟದಲ್ಲಿ ಒಂದು ಗಂಟೆ ನಿಲ್ಲಬೇಕು. ಕೆಲವು ದಿನ ಸರಾಗವಾಗಿ ಓಡಿದ ಮೇಲಷ್ಟೇ 'ವಿಂಡೋಸ್ ಜೊತೆ ಶುರುವಾಗಲಿ' ಎಂಬ ಆಯ್ಕೆ ಒತ್ತಿ.

ಎಎಂಡಿಯ 7000 ಮತ್ತು 9000 ಸರಣಿಗಳಲ್ಲಿ ಒಂದು ತಿರುವಿದೆ. ವೋಲ್ಟೇಜ್ ಇಳಿಸಿದರೆ ಉಳಿದ ವ್ಯಾಟ್‌ನಲ್ಲಿ ಕಾರ್ಡ್ ಕ್ಲಾಕ್ ಏರಿಸಿಕೊಳ್ಳುತ್ತದೆ. ವೇಗ ಸಿಗುತ್ತದೆ, ನಿಶ್ಶಬ್ದ ಸಿಗುವುದಿಲ್ಲ. ಹಾಗಾಗಿ ವೋಲ್ಟೇಜ್ 50 ಮಿಲಿವೋಲ್ಟ್ ಇಳಿಸುವುದರ ಜೊತೆಗೇ ಪವರ್ ಲಿಮಿಟ್ ಅನ್ನೂ 10 ಶೇಕಡಾ ತಗ್ಗಿಸಿ.

ಪ್ರಶ್ನೆ: ಫ್ಯಾನ್ ನಿಧಾನವಾಗಿದ್ದರೂ ಆಟದ ವೇಳೆ ಕಿರ್ ಎಂಬ ಸಣ್ಣ ದನಿ ಬರುತ್ತದೆ.

ಉತ್ತರ: ಅದು ಕಾಯಿಲ್ ವೈನ್. ಕಾರ್ಡ್‌ನ ಕರೆಂಟ್ ಕ್ಷಣಕ್ಷಣಕ್ಕೂ ಏರಿಳಿಯುವಾಗ ಅದರ ಮೇಲಿನ ಸುರುಳಿಗಳು ಕಂಪಿಸಿ ಬರುವ ದನಿ. ಗುರುತಿಸುವುದು ಸುಲಭ: ಫ್ಯಾನ್‌ನ ಸದ್ದು ಬದಲಾಗಲು ಕೆಲವು ಸೆಕೆಂಡ್ ಬೇಕು, ಇದು ಫ್ರೇಮ್ ಬದಲಾದ ಕ್ಷಣವೇ ಬದಲಾಗುತ್ತದೆ. ಆಟದ ಮೆನುವಿನಲ್ಲಿ ನೂರಾರು ಫ್ರೇಮ್ ಓಡುವಾಗ ಜೋರಾಗುತ್ತದೆ. ಕಾರ್ಡ್‌ಗೆ ಹಾನಿಯಿಲ್ಲ, ಆದ್ದರಿಂದಲೇ ವಾರಂಟಿಯಲ್ಲಿ ಬದಲಿಸಿಕೊಡುವುದೂ ಖಾತ್ರಿಯಿಲ್ಲ. ಫ್ರೇಮ್ ಮಿತಿ ಮತ್ತು ಅಂಡರ್‌ವೋಲ್ಟ್ ಎರಡರಿಂದಲೂ ತಗ್ಗುತ್ತದೆ. ಅದೇ ಮಾದರಿಯ ಇನ್ನೊಂದು ಕಾರ್ಡ್‌ನಲ್ಲಿ ಈ ದನಿ ಇಲ್ಲದೆಯೂ ಇರಬಹುದು. ಹಾಗಾಗಿ ಹಿಂದಿರುಗಿಸುವ ಗಡುವಿನೊಳಗೆ, ಹೆಡ್‌ಫೋನ್ ತೆಗೆದಿಟ್ಟು ಒಂದು ಸಂಜೆ ಆಡಿ ನೋಡಿ.

ಪ್ರಶ್ನೆ: ಹೊಸ ಕಾರ್ಡ್ ಹಾಕಿದರೂ ಫ್ರೇಮ್ ಏರಲಿಲ್ಲ.

ಉತ್ತರ: ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಸಿಕ್ಕಿಸಿದ್ದೀರಾ ನೋಡಿ, ಅದು ಕಾರ್ಡ್‌ಗೇ ಇರಬೇಕು. ಸರಿಯಿದ್ದರೆ ಆಟದ ರೆಸಲ್ಯೂಶನ್ ಇಳಿಸಿ. ಆಗಲೂ ಫ್ರೇಮ್ ಏರದಿದ್ದರೆ ಪ್ರೊಸೆಸರ್ ಸೋತಿದೆ. ಈ ಪರೀಕ್ಷೆಯನ್ನು ಹಳೆಯ ಕಾರ್ಡ್‌ನಲ್ಲೇ ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದೇ? ಕ್ರಿಪ್ಟೋ ಮೈನಿಂಗ್‌ಗೆ ಬಳಸಿದ್ದು ಎಂದರೆ ಭಯವಾಗುತ್ತದೆ.

ಉತ್ತರ: ಕೊಳ್ಳಬಹುದು, ಓಡಿಸಿ ನೋಡಲು ಬಿಟ್ಟರೆ ಮಾತ್ರ. ಮೈನಿಂಗ್‌ನಲ್ಲಿ ಹೆಚ್ಚು ಸವೆಯುವುದು ಚಿಪ್ ಅಲ್ಲ, ಫ್ಯಾನ್‌ನ ಬೇರಿಂಗ್ ಮತ್ತು ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತೆ). ಮೊದಲು ಜಿಪಿಯು-ಝಡ್ ತಂತ್ರಾಂಶ ತೆರೆದು ಶೇಡರ್ (ಚಿಪ್‌ನೊಳಗಿನ ಲೆಕ್ಕದ ಘಟಕ) ಸಂಖ್ಯೆ ತಾಳೆ ಮಾಡಿ. ಆರ್‌ಟಿಎಕ್ಸ್ 3060 ಆದರೆ 3584, ಆರ್‌ಎಕ್ಸ್ 580 ಆದರೆ 2304 ಇರಬೇಕು. 580 ಎಂದು ಹೇಳಿ 2048 ಶೇಡರ್‌ನದ್ದನ್ನು ಮಾರುವುದುಂಟು. ಅಂದಹಾಗೆ 580 ಎಷ್ಟೇ ಅಗ್ಗವಾಗಿ ಸಿಕ್ಕರೂ ನಿಮ್ಮ ಉದ್ದೇಶಕ್ಕೆ ಬೇಡ. 185 ವ್ಯಾಟ್ ತಿಂದು, 132 ವ್ಯಾಟ್‌ನ 6600ಕ್ಕಿಂತ ಬಹಳ ಹಿಂದೆ ಉಳಿಯುತ್ತದೆ.

ಆಮೇಲೆ 20 ನಿಮಿಷ ಭಾರ ಹಾಕಿ, ಚಿಪ್‌ನ ಉಷ್ಣಾಂಶಕ್ಕೂ ಹಾಟ್‌ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿ ಜಾಗಕ್ಕೂ) ಇರುವ ಅಂತರ ನೋಡಿ. 12-15 ಡಿಗ್ರಿ ಸಹಜ. 25 ದಾಟಿದರೆ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಒಣಗಿದೆ ಅಥವಾ ಚಿಪ್‌ನ ನಡುವಿನಿಂದ ಸರಿದಿದೆ. ಅದು ಚೌಕಾಸಿಗೆ ಒಳ್ಳೆಯ ಕಾರಣ, ಏಕೆಂದರೆ ಹೊಸ ಪೇಸ್ಟ್ ಹಚ್ಚಿದರೆ ಸರಿಹೋಗುತ್ತದೆ. ಹಚ್ಚುವಾಗ ಪ್ಯಾಡ್ ಹರಿದರೆ ಅದೇ ದಪ್ಪದ್ದನ್ನೇ ಹಾಕಿ. 1 ಮಿಲಿಮೀಟರ್ ಇದ್ದಲ್ಲಿ 1.5ರದ್ದು ಇಟ್ಟರೆ ಹೀಟ್‌ಸಿಂಕ್ ಚಿಪ್ ಮೇಲೆ ಸರಿಯಾಗಿ ಕೂರದೆ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಕೊನೆಗೆ ಫ್ಯಾನ್ ವೇಗವನ್ನು 30ರಿಂದ 100 ಶೇಕಡಾವರೆಗೆ ಹಂತಹಂತವಾಗಿ ಏರಿಸಿ ಕೇಳಿ. ಯಾವುದೋ ಒಂದು ವೇಗದಲ್ಲಿ ಕಟಕಟ ಅಂದರೆ ಬೇರಿಂಗ್ ಹೋಗಿದೆ. ಆ ಮಾದರಿಯ ಫ್ಯಾನ್ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು, ಅದರ ಬೆಲೆ ಕಳೆದು ದುಡ್ಡು ಕೊಡಿ.